ಫರಾಸಿ ಕರಡಿಗೆ

ಮಾನ್ವಿಯಲ್ಲಿ ಉದಯಕುಮಾರನ ಅಕ್ಕಿ ಗಿರಣಿಯ ಮೇಲಂತಸ್ತಿನಲ್ಲಿ ಒಂದು ಕೋಣೆ ಇದೆ. ಕೆಳಗೆ ಗಿರಣಿ ಶುರುವಾಯಿತೆಂದರೆ ಆ ಕೋಣೆಯ ಸಾಮಾನುಗಳೆಲ್ಲ ಚಳಿಜ್ವರ ಬಂದವರ ಹಾಗೆ ನಡುಗುತ್ತವೆ. ಗಾಜಿನ ಪೆಟ್ಟಿಗೆಯೊಳಗೆ ಕೂದಲೆಳೆಯನ್ನೂ ತೂಗುವಂಥ ಹಿತ್ತಾಳೆಯ ತಕ್ಕಡಿ ಇದೆ. ಈ ನಡುಕದಲ್ಲಿ ಅದರ ಮುಳ್ಳು ಒಂದು ದಿನವೂ ನೆಟ್ಟಗೆ ನಿಂತದ್ದಿಲ್ಲ. ಗೋಡೆಯ ಮೇಲೆ ಹವಾಮಾನ ಹೇಳುವ ದುಂಡನೆಯ ಮಾಪಕವಿದೆ. ಅದರ ಕಡ್ಡಿ ‘ಬೋ ತಾಂ’, ಅಂದರೆ ಒಳ್ಳೆಯ ಹವೆ ಎಂದು ಬರೆದಲ್ಲಿ ತುಕ್ಕು ಹಿಡಿದು ಕೂತುಬಿಟ್ಟಿದೆ. ಮೇ ತಿಂಗಳಲ್ಲಿ ಬಸ್‌ಸ್ಟ್ಯಾಂಡಿನ ಮುಂದಿನ ಡಾಂಬರು ಕರಗಿ ಚಪ್ಪಲಿಗೆ ಅಂಟುವಾಗಲೂ ಅದು ಒಳ್ಳೆಯ ಹವೆ ಅಂತಲೇ ಸಾಧಿಸುತ್ತದೆ. ಕೀಲಿ ಕೊಟ್ಟರೆ ಹಾಡುತ್ತಿದ್ದ ಬೆರಳುದ್ದದ ತಗಡಿನ ಹಕ್ಕಿಯೊಂದಿದೆ. ಹಾಡು ಎಂದೋ ಹೋಗಿದೆ, ಕೊಕ್ಕು ತೆರೆದು ಮುಚ್ಚುವುದಷ್ಟೇ ಉಳಿದಿದೆ.

ಎಲ್ಲವೂ ಫ್ರಾನ್ಸ್ ದೇಶದಲ್ಲಿ ಮಾಡಿದ್ದು, ಎಲ್ಲವೂ ನೂರು ಇನ್ನೂರು ವರ್ಷ ಹಳೆಯದು, ಎಲ್ಲವೂ ಊನ. ನಿಜಾಮರ ಕಾಲದಲ್ಲಿ ಫ್ರೆಂಚ್ ಸರದಾರರ ಪಲ್ಟನ್ನುಗಳು ಈ ಸೀಮೆಯಲ್ಲಿ ಓಡಾಡಿದ್ದವಂತೆ. ಅವರು ಬಿಟ್ಟುಹೋದದ್ದು, ಆಮೇಲೆ ಹೈದರಾಬಾದಿನ ನವಾಬರು ಷೋಕಿಗೆ ತರಿಸಿದ್ದು, ಎಲ್ಲ ಕೈಯಿಂದ ಕೈಗೆ ದಾಟಿ ಕೊನೆಗೆ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಗುಲಾಮ್ ದಸ್ತಗೀರ್‌ನ ಹಳೇ ಸಾಮಾನಿನ ಅಂಗಡಿಗೆ ಬಂದು ಬೀಳುತ್ತಿತ್ತು. ದಸ್ತಗೀರ್ ಅವಕ್ಕೆಲ್ಲ ಒಟ್ಟಾರೆ ‘ಫರಾಸಿ ಮಾಲು’ ಅನ್ನುತ್ತಿದ್ದ. ಹೊಸ ಫರಾಸಿ ಮಾಲು ಬಂತು ಅಂತ ಅವನ ಫೋನು ಬಂದರೆ ಉದಯಕುಮಾರ ಊಟದ ತಾಟು ಸರಿಸಿ ಎದ್ದು ಹೋಗುತ್ತಿದ್ದ.

ಅವನ ಹೆಂಡತಿ ಶಿವಗಂಗಾ ಆ ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಇಷ್ಟರಾಗ ಒಂದರ ಪೂರ್ತಿ ಅದ ಏನ್ರಿ?”

ಆ ಪ್ರಶ್ನೆ ಅವನಿಗೆ ಹಲ್ಲುನೋವಿನ ಹಾಗೆ. ತಕ್ಕಡಿ ಇದ್ದರೆ ಅದರ ತೂಕದ ಬಟ್ಟು ಇಲ್ಲ, ದುರ್ಬೀನು ಇದ್ದರೆ ಮುಂದಿನ ಗಾಜಿಲ್ಲ. ಜನ ಬಂದು ನೋಡಿ, “ಭಾಳ ಚಂದ ಅದಾವ, ನಡೀತಾವೇನು?” ಅಂತ ಕೇಳಿದರೆ ಅವನು ಚಹಾ ತರಿಸಿ ಮಾತು ಬದಲಿಸುತ್ತಿದ್ದ. ಸಾಯುವುದರೊಳಗೆ ಒಂದೇ ಒಂದು ಸಾಮಾನು, ಮಾಡಿದವನು ಮಾಡಿದ ಹಾಗೆ, ಇಡಿಯಾಗಿ ತನ್ನ ಕೈಯಲ್ಲಿರಬೇಕು ಎಂಬ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಇದು ಹುಚ್ಚು ಅಂತ ಅವನಿಗೆ ಗೊತ್ತಿತ್ತು. ಗೊತ್ತಾದ ಮಾತ್ರಕ್ಕೆ ಹುಚ್ಚು ಬಿಡುತ್ತದೆಯೆ?

ಹೀಗಿರುವಾಗ ದಸ್ತಗೀರ್ ಒಂದು ಬಿಲ್ಲೆ ಕೊಟ್ಟ. ದೇವದುರ್ಗದ ಕಂಚಗಾರನೊಬ್ಬನ ಹಳೇ ಡಬ್ಬಿಯಲ್ಲಿ ಸಿಕ್ಕದ್ದು. ಬೆಳ್ಳಿಯ ಲೇಪದ ಹಿತ್ತಾಳೆಯ ಬಿಲ್ಲೆ, ಅಗಲ ಒಂದು ರೂಪಾಯಿಯ ನಾಣ್ಯಕ್ಕಿಂತ ತುಸು ಹೆಚ್ಚು. ನಡುವೆ ಗಾಜಿನಡಿ ನೀಲಿ ಉಕ್ಕಿನ ಮುಳ್ಳು, ಸುತ್ತ ದಿಕ್ಕುಗಳ ಗೆರೆ, ಅಂಚಿನಲ್ಲಿ ಪ್ಯಾರಿಸ್ ಎಂಬ ಅಕ್ಷರ, ಅದರ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರದ ಮುದ್ರೆ. ಮುಳ್ಳು ಮಾತ್ರ ಇನ್ನೂ ಜೀವಂತ. ಹೇಗೆ ತಿರುಗಿಸಿದರೂ ಉತ್ತರಕ್ಕೆ ಹೋಗಿ ನಿಲ್ಲುತ್ತಿತ್ತು.

“ಇದು ಯಾವುದೋ ಗುಂಡಿನ ಒಳಗಿನ ಮಾಲ್ ಸಾಹುಕಾರ್ರೆ,” ಅಂದ ದಸ್ತಗೀರ್. “ಅಂಚು ನೋಡ್ರಿ, ತಿರುವಿ ಕೂಡಿಸೋ ಹಲ್ಲು ಅದಾವ. ಗುಂಡು ಎಲ್ಲದ ಅಂತ ಖುದಾನೇ ಬಲ್ಲ.”

ಉದಯಕುಮಾರ ಫೋನಿನಲ್ಲಿ ಹುಡುಕಿದ. ನಿಂಬೆಹಣ್ಣಿನ ಗಾತ್ರದ ಲೋಹದ ಗೋಳ. ಹೊರಮೈ ಮೇಲೆ ಆಕಾಶದ ನಕ್ಷತ್ರಗಳ ಚುಕ್ಕಿ. ನಡುವೆ ಬಿಚ್ಚಿದರೆ ಒಂದು ಅರೆಯಲ್ಲಿ ದಿಕ್ಸೂಚಿ, ಇನ್ನೊಂದು ಅರೆಯಲ್ಲಿ ಬಿಸಿಲಿನಿಂದ ಹೊತ್ತು ನೋಡುವ ಗೆರೆಗಳು. ಪ್ರಯಾಣ ಮಾಡುವ ದೊಡ್ಡ ಮನುಷ್ಯರು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದದ್ದು. ಅಂದಿನಿಂದ ಆ ಬಿಲ್ಲೆ ಅವನ ಅಂಗಿಯ ಎಡಕಿಸೆ ಬಿಟ್ಟು ಕದಲಲಿಲ್ಲ.

ಗುಂಡು ಸಿಕ್ಕದ್ದು ಗೂಗಲ್‌ನಲ್ಲಿ.

ಫೋನಿನ ಗೂಗಲ್ ಅಲ್ಲ, ಹೊಳೆಯ ದಂಡೆಯ ಆ ಹೆಸರಿನ ಊರು. ಹುಡುಕಿಕೊಂಡು ಹೋಗಿದ್ದಲ್ಲ. ಶಿವಗಂಗಾ ಅಲ್ಲಿನ ಅಲ್ಲಮಪ್ರಭುವಿನ ಗುಡಿಗೆ ಹೋಗಬೇಕು ಅಂದಳು; ದೇವದುರ್ಗದ ದಾರಿ ಹಿಡಿದು ಕಾರಿನಲ್ಲಿ ಕರೆದುಕೊಂಡು ಹೋದ. ಅವಳು ಒಳಗಿದ್ದಾಗ ಅವನು ಗುಡಿಯ ಕಟ್ಟೆಯ ಮೇಲೆ ಕೂತ. ಅಲ್ಲಿ ಒಬ್ಬ ಮುದುಕ, ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅರೆಗಣ್ಣಿನಲ್ಲಿ ಪೂಜೆಗೆ ಕೂತಿದ್ದ. ಹೊಳೆಯ ಗಾಳಿ ಬೀಸುತ್ತಿತ್ತು. ಮುದುಕನ ಮುಂದೆ ಬಿಳಿ ವಸ್ತ್ರದ ಮೇಲೆ ಲಿಂಗ ತೆಗೆದಿಟ್ಟ ಕರಡಿಗೆ ಎರಡು ಅರೆಯಾಗಿ ಬಾಯಿ ತೆರೆದು ಬಿದ್ದಿತ್ತು.

ಉದಯಕುಮಾರ ಹುಟ್ಟಿದಾಗಿನಿಂದ ಕರಡಿಗೆ ಕಂಡವನೇ. ಅವನ ಮನೆತನದವರೆಲ್ಲ ಬೆಳ್ಳಿಯ ಗುಂಡಗಡಿಗೆಯಲ್ಲಿ ಲಿಂಗ ಇಟ್ಟು ಕೊರಳಿಗೆ ಕಟ್ಟಿದವರು. ಆದರೆ ಇದು ಗುಂಡಗಡಿಗೆ ಅಲ್ಲ. ಹೊರಮೈ ಮೇಲೆ ಸವೆದುಹೋದ ಚುಕ್ಕಿಗಳು. ಒಂದು ಅರೆಯ ಒಳಗೆ ಬೀಸಣಿಗೆಯ ಹಾಗೆ ಬಿಡಿಸಿದ ಗೆರೆಗಳು. ಅಂಚಿನಲ್ಲಿ, ತಲೆ ಬಾಗಿಸಿ ನೋಡಿದರೆ, ಅದೇ ಸಣ್ಣ ನಕ್ಷತ್ರದ ಮುದ್ರೆ. ಕಿಸೆಯಲ್ಲಿ ಬಿಲ್ಲೆ, ಎರಡು ಮೊಳದ ದೂರದಲ್ಲಿ ಗುಂಡು. ರೆಪ್ಪೆ ಹೊಡೆಯದೆ ನೋಡುತ್ತ ಕೂತ; ಕಣ್ಣಲ್ಲಿ ನೀರು ಬಂತು.

ಮುದುಕ ಕಣ್ಣು ತೆರೆದು ಇವನನ್ನು ನೋಡಿದ. ನೋಡಿ, ಅವನ ಮುಖವೆಲ್ಲ ಬೆಳಗಿತು.

“ಯಾವೂರು ತಮ್ಮಾ?”

“ಮಾನ್ವಿರಿ.”

“ಲಿಂಗ ನೋಡಿ ಕಣ್ಣಾಗ ನೀರು ಬರೋ ಮನುಷ್ಯಾನ್ನ ನಾ ಈ ಕಟ್ಟಿ ಮ್ಯಾಲ ಇವತ್ತ ಕಂಡೆ,” ಅಂದ ಮುದುಕ. “ನನ್ನ ಹೆಸರು ಶಂಭುಲಿಂಗಪ್ಪ. ಮನಿಗಿ ಬರ್ರಿ, ರೊಟ್ಟಿ ಉಣ್ರಿ.”

ಆಗಲೇ ಹೇಳಿಬಿಡಬೇಕಿತ್ತು. ಯಪ್ಪಾ, ನಾ ಲಿಂಗ ನೋಡಲಿಲ್ಲ, ಅದರ ಡಬ್ಬಿ ನೋಡಿದೆ ಅಂತ. ಯಾರು ಹೇಳುತ್ತಾರೆ, ನೀವೇ ಹೇಳಿ! ಉದಯಕುಮಾರ ತಲೆ ತಗ್ಗಿಸಿದ. ಅದನ್ನೂ ಮುದುಕ ವಿನಯ ಎಂದೇ ಲೆಕ್ಕ ಹಿಡಿದ.

ಮನೆಯಲ್ಲಿ ಶಂಭುಲಿಂಗಪ್ಪನ ಹೆಂಡತಿ ಗುರುಶಾಂತಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ತಮ್ಮನ ಮಕ್ಕಳು, ಸೊಸೆಯರು ತುಂಬಿದ ಮನೆ ಅದು. ಆದರೆ ಲಿಂಗಪೂಜೆಯ ಹೊತ್ತಿಗೆ ಮುದುಕನ ಹತ್ತಿರ ಕೂರುವವರು ಯಾರೂ ಇರಲಿಲ್ಲ, ಎಲ್ಲರಿಗೂ ಭತ್ತದ ಗದ್ದೆ, ಟ್ರ್ಯಾಕ್ಟರು, ಮೊಬೈಲು. ಊಟದ ನಡುವೆ ಉದಯಕುಮಾರ ಕರಡಿಗೆಯ ಮಾತೆತ್ತಿದ. ಮುದುಕ ಬಾಯಿತುಂಬ ಕಥೆ ಹೇಳಿದ. ಅವನ ಮುತ್ತಜ್ಜನ ಅಜ್ಜ ಹೊಳೆಯ ದಂಡೆಯಲ್ಲಿ ಜ್ವರ ಬಂದು ಬಿದ್ದಿದ್ದ ಒಬ್ಬ ಫರಾಸಿ ಸರದಾರನಿಗೆ ನುಚ್ಚಂಬಲಿ ಕುಡಿಸಿ ಬದುಕಿಸಿದ್ದನಂತೆ. ಹೋಗುವಾಗ ಅವನು ಕಿಸೆಯಿಂದ ಈ ಗುಂಡು ತೆಗೆದು ಕೊಟ್ಟನಂತೆ.

“ಒಳಗ ಒಂದು ಮುಳ್ಳಿನ ಬಿಲ್ಲಿ ಇತ್ತಂತ. ಸದಾ ಅಲ್ಲಾಡ್ತಿತ್ತಂತ. ಅಲ್ಲಾಡೋದರ ಮ್ಯಾಲ ಲಿಂಗ ಹ್ಯಾಂಗ ಇಡೋದು? ಆ ಅಜ್ಜ ಅದನ್ನ ಕಿತ್ತು ದೇವದುರ್ಗದ ಕಂಚಗಾರಗ ಕೊಟ್ಟ. ಲಿಂಗ ಸ್ಥಿರ ಕುಂತಿತು.”

“ಇದು ಪರದೇಶದ ಸಾಮಾನಲ್ರಿ ಯಪ್ಪಾ?”

“ಲಿಂಗ ಒಳಗ ಬಂದ ಮ್ಯಾಲ ಪರದೇಶ ಎಲ್ಲಿ ಉಳೀತು?” ಅಂದು ಮುದುಕ ನಕ್ಕ. ಆಮೇಲೆ ಇವನ ಕೊರಳು ನೋಡಿದ. “ನಿನ್ನ ಲಿಂಗ ಎಲ್ಲಿ?”

ಉದಯಕುಮಾರನ ಲಿಂಗ ಮಾನ್ವಿಯ ಮನೆಯ ದೇವರ ಜಗುಲಿಯ ಮೇಲೆ ಮದುವೆಯಾದ ವರ್ಷದಿಂದ ಕೂತಿತ್ತು. “ಶಿವದಾರ ಹರಿದಿತ್ರಿ,” ಅಂದ. ಪಕ್ಕದಲ್ಲಿದ್ದ ಶಿವಗಂಗಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಮುದುಕ ಎದ್ದು ಹೋಗಿ ಹೊಸ ಶಿವದಾರ ತಂದು ಅವನ ಕೈಯಲ್ಲಿಟ್ಟ.

ಅಂದಿನಿಂದ ಉದಯಕುಮಾರ ಲಿಂಗ ಕಟ್ಟಿಕೊಂಡ. ಕಟ್ಟಿಕೊಳ್ಳದೆ ಗೂಗಲ್‌ಗೆ ಹೋಗುವಂತಿಲ್ಲ, ಹೋಗದೆ ಇರುವಂತಿಲ್ಲ. ಪ್ರತಿ ಅಮಾವಾಸ್ಯೆಗೆ ಹೋಗುತ್ತಿದ್ದ. ಮುದುಕ ಪೂಜೆಗೆ ಕೂತರೆ ಇವನು ಎದುರಿಗೆ ಕೂತು ಕರಡಿಗೆ ನೋಡುತ್ತಿದ್ದ. ದಿನಾ ನೀರು, ಹಾಲು, ವಿಭೂತಿ ಬಿದ್ದು ಬಿದ್ದು ಚುಕ್ಕಿಗಳು ಅಳಿಸುತ್ತಿರುವುದು ಅವನ ಕಣ್ಣಿಗೆ ಕಾಣುತ್ತಿತ್ತು. ಗುರುಶಾಂತಮ್ಮ ತಿಂಗಳಿಗೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆ ಅಂತ ಹೆಮ್ಮೆಯಿಂದ ಹೇಳಿದ ದಿನ ಅವನಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಯಾರದೋ ಮನೆಯ ದೇವರ ಸಾಮಾನು ತಿಕ್ಕಬೇಡಿ ಅನ್ನಲು ಇವನು ಯಾರು?

ದಸ್ತಗೀರ್ ಒಂದು ದಾರಿ ಹೇಳಿದ. “ಇದರಾಂಗನ ಇನ್ನೊಂದು ಮಾಡಸ್ರಿ. ಮುದುಕಗ ಕಣ್ಣು ಎಷ್ಟರ ಕಂಡಾವು? ಅದಲುಬದಲು ಮಾಡಿಬಿಡ್ರಿ.” ಉದಯಕುಮಾರ ಅವನಿಗೆ ಬೈದ. ಬೈದದ್ದು ಸತ್ಯವಾದ ಸಿಟ್ಟಿನಿಂದಲೇ, ಆದರೆ ಮಾನ್ವಿ ಮುಟ್ಟುವ ತನಕ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಕೊನೆಗೆ ಮರ್ಯಾದೆಯ ದಾರಿ ಅಂತ ಒಂದನ್ನು ಹಿಡಿದ. ರಾಯಚೂರಿನಲ್ಲಿ ಅಕ್ಕಸಾಲಿಗನಿಂದ ಚೊಕ್ಕ ಬೆಳ್ಳಿಯ ದೊಡ್ಡ ಗುಂಡಗಡಿಗೆ ಮಾಡಿಸಿ, ಗೂಗಲ್‌ಗೆ ಒಯ್ದು ಮುದುಕನ ಮುಂದಿಟ್ಟ.

“ಯಪ್ಪಾ, ಹಳೇದು ಸವದಾದ. ಇನ್ನ ಇದನ್ನ ಕಟ್ಟಿಕೋರಿ. ಹಳೇದು ನಾ ಜತನ ಮಾಡ್ತೀನಿ.”

ಶಂಭುಲಿಂಗಪ್ಪ ಬೆಳ್ಳಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದ. “ಹೊಟ್ಟ್ಯಾಗ ಹುಟ್ಟಿದ ಮಕ್ಕಳಿದ್ದರೂ ಇದನ್ನ ಮಾಡತಿರಲಿಲ್ಲ,” ಅಂದ. ಆಮೇಲೆ ಉದಯಕುಮಾರನನ್ನು ಹತ್ತಿರ ಕರೆದು, ಅವನ ಕೊರಳಲ್ಲಿ ವಸ್ತ್ರದೊಳಗೆ ಕಟ್ಟಿದ್ದ ಲಿಂಗ ಬಿಚ್ಚಿಸಿ, ಆ ಹೊಸ ಬೆಳ್ಳಿಯಲ್ಲಿ ಇಡಿಸಿ, ತಾನೇ ದಾರ ಕಟ್ಟಿದ. “ಮಣ್ಣಿಗಿ ಹೋಗೋ ಮುದುಕಗ ಬೆಳ್ಳಿ ಯಾಕ? ನಿನಗ ಒಪ್ಪತದ ನೋಡು.” ಗುರುಶಾಂತಮ್ಮ ದೃಷ್ಟಿ ತೆಗೆದಳು. ಉದಯಕುಮಾರ ತಾನೇ ಮಾಡಿಸಿದ್ದನ್ನು ತಾನೇ ಕಟ್ಟಿಕೊಂಡು, ಹೋದ ಹಾಗೇ ತಿರುಗಿ ಬಂದ. ಶಿವಗಂಗಾ ಅವನ ಕೊರಳು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನಿಲ್ಲಲಿಲ್ಲ.

ಇಷ್ಟಾದರೂ ಒಂದು ದಿನ ಧೈರ್ಯ ಮಾಡಿ ನೆಟ್ಟಗೆ ಕೇಳಿಯೇಬಿಟ್ಟ. ಹೊಳೆಯ ದಂಡೆಯಲ್ಲಿ ಇಬ್ಬರೇ ಇದ್ದರು.

“ಯಪ್ಪಾ, ಖರೇ ಹೇಳತೀನಿ. ನನಗ ನಿಮ್ಮ ಕರಡಿಗಿ ಬೇಕಾಗ್ಯಾದ. ಅದಕ್ಕ ನಾ ಇಲ್ಲಿಗಿ ಬರಾಕತ್ತೀನಿ.”

ಶಂಭುಲಿಂಗಪ್ಪನ ಕೈ ಕೊರಳಿನ ಕರಡಿಗೆಯ ಮೇಲೆ ಹೋಯಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಅವನ ಬೆನ್ನಿಗೊಂದು ಗುದ್ದಿದ. “ಭಾಳ ಶಾಣ್ಯಾ ಅದಿ ಬಿಡು! ಮುದುಕಗ ಇನ್ನೂ ಆಸೆ ಅದ ಏನು ಅಂತ ಪರೀಕ್ಷಾ ಮಾಡಾಕತ್ತಿ? ನೀ ಕೇಳಿದಾಗ ನನ್ನ ಕೈ ಕರಡಿಗಿ ಮ್ಯಾಲ ಹೋತು ನೋಡು. ಸೋತೆ ತಮ್ಮಾ, ಸೋತೆ. ನಾ ಇನ್ನೂ ಪಕ್ವ ಆಗಿಲ್ಲ.” ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಕಂಡಿದ್ದೇವೆ. ನಿಜ ಹೇಳಿ ಸಿಕ್ಕಿಬಿದ್ದವನು ಇವನೊಬ್ಬನೇ ಇರಬೇಕು. ಉದಯಕುಮಾರ ಮತ್ತೆಂದೂ ಕೇಳಲಿಲ್ಲ. ಇನ್ನೊಂದು ಮಾತೂ ಇತ್ತು, ಅದು ಅವನಿಗೆ ಮೆಲ್ಲಗೆ ತಿಳಿಯತೊಡಗಿತ್ತು: ಅಮಾವಾಸ್ಯೆ ಹತ್ತಿರ ಬಂದರೆ ಅವನ ಮನಸ್ಸು ಕರಡಿಗೆಗಷ್ಟೇ ಅಲ್ಲ, ಆ ಬೆನ್ನಿನ ಗುದ್ದಿಗೂ ಕಾಯುತ್ತಿತ್ತು.

ಮುದುಕನಿಗೆ ತಲೆ ಸುತ್ತಿ ಬಂದು ಬಿದ್ದಾಗ ರಾಯಚೂರಿನ ಒಂದು ದೊಡ್ಡ ದವಾಖಾನೆಗೆ ಸೇರಿಸಿದರು. ಉದಯಕುಮಾರನಿಗೆ ಫೋನು ಬಂತು, ಓಡಿದ. ತಲೆಯ ಸ್ಕ್ಯಾನ್ ಮಾಡಬೇಕು, ಮೈಮೇಲೆ ದಾರ ಸಹಿತ ಏನೂ ಇರಬಾರದು ಅಂದರು. ಶಂಭುಲಿಂಗಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೊಲ್ಲ. ಮೈಯಿಂದ ಲಿಂಗ ಅಗಲಿದರೆ ಪ್ರಾಣ ಅಗಲಿದ ಹಾಗೆ ಅಂತ ನಂಬಿದವನು ಅವನು. ಹೆಂಡತಿ ಹೇಳಿದಳು, ತಮ್ಮನ ಮಕ್ಕಳು ಹೇಳಿದರು, ಡಾಕ್ಟರು ಗದರಿದರು. ಕೊನೆಗೆ ಮುದುಕ ಬಾಗಿಲ ಕಡೆ ನೋಡಿ, “ಉದಯನ ಕೈಯಾಗ ಕೊಡತೀನಿ. ಬ್ಯಾರೆ ಯಾರ ಕೈಯಾಗೂ ಕೊಡಂಗಿಲ್ಲ,” ಅಂದ.

ಹೀಗೆ ಅದು ಅವನ ಕೈಗೆ ಬಂತು. ಮುದುಕನ ಮೈಯ ಬಿಸಿ ಅದಕ್ಕಿನ್ನೂ ಇತ್ತು.

ಉದಯಕುಮಾರ ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಹೋಗಿ ನಿಂತ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡಿತು. ಕರಡಿಗೆ ಬಿಚ್ಚಿದ. ಲಿಂಗವನ್ನು ಎಲ್ಲಿಡುವುದು? ಕಿಟಕಿಯ ಕಟ್ಟೆಯ ಮೇಲೆ ಯಾರೋ ಕುಡಿದಿಟ್ಟ ಚಹಾದ ಲೋಟಗಳಿದ್ದವು. ಎಡ ಅಂಗೈಯ ಮೇಲೆಯೇ ಇಟ್ಟುಕೊಂಡ. ಬಲಗೈಯಿಂದ ಕಿಸೆಯ ಬಿಲ್ಲೆ ತೆಗೆದು ಅರೆಯ ಬಾಯಿಗಿಟ್ಟು ತಿರುವಿದ. ಹಲ್ಲಿಗೆ ಹಲ್ಲು ಕೂಡಿತು. ಇಷ್ಟೂ ಅಲುಗಾಡಲಿಲ್ಲ, ಇಷ್ಟೂ ಬಿಗಿಯಾಗಲಿಲ್ಲ; ಅಂಚಿನ ನಕ್ಷತ್ರ, ಬಿಲ್ಲೆಯ ನಕ್ಷತ್ರ ಎದುರುಬದುರು ಬಂದು ನಿಂತವು. ಮುಳ್ಳು ನಡುಗಿ, ತಿರುಗಿ, ಉತ್ತರಕ್ಕೆ ಮುಖ ಮಾಡಿತು. ಇಲ್ಲಿ ಗಿರಣಿಯ ನಡುಕವಿರಲಿಲ್ಲ. ಅವನು ಜೀವನದಲ್ಲಿ ಮೊದಲ ಸಲ ಪೂರ್ತಿಯಾದ ಒಂದು ಸಾಮಾನು ನೋಡಿದ. ಸಂತೋಷಕ್ಕೆ ಅವನ ತುಟಿ ಅದುರಿತು, ಕಣ್ಣು ಹರಿಯಿತು, ಎಡಗೈಯ ಲಿಂಗವೂ ಬಲಗೈಯ ಗೋಳವೂ ಒಟ್ಟಿಗೇ ನಡುಗಿದವು.

ತಿರುಗಿ ನೋಡಿದರೆ ಗುರುಶಾಂತಮ್ಮ ನಿಂತಿದ್ದಳು. ಔಷಧದ ಚೀಲ ಕೆಳಗಿಟ್ಟು ಕೈ ಮುಗಿದುಕೊಂಡಿದ್ದಳು. ಗೆರೆ, ಅಕ್ಷರ ಇದ್ದ ಆ ಬಿಲ್ಲೆಯನ್ನು ಅವಳು ನೋಡಿಬಿಟ್ಟಿದ್ದಳು.

“ಮಂತ್ರಿಸಿದ ತಗಡು ತಂದೀಯೇನು ತಮ್ಮಾ, ಅವರ ಸಲುವಾಗಿ?”

ಅವನ ತಲೆ ತಾನಾಗಿ ಆಡಿತು. ಹೌದು ಅಂತ ಆಡಿತೋ, ಇಲ್ಲ ಅಂತ ಆಡಿತೋ, ಅವನಿಗೇ ಗೊತ್ತಾಗಲಿಲ್ಲ.

“ಅವರ ಮುಂದ ಹೇಳಬ್ಯಾಡ,” ಅಂದಳು ಮುದುಕಿ ಮೆಲ್ಲಗೆ. “ತಗಡು ತಾಯಿತ ಅಂದ್ರ ಅವರಿಗಿ ಆಗಿಬರಂಗಿಲ್ಲ, ಬೈತಾರ. ನಿನ್ನ ಕಿಸೆದಾಗ ಇರಲಿ. ನೀನ ಬೇಡಿಕೋ.”

ಅವಳ ಎದುರಿಗೇ ಬಿಲ್ಲೆ ಬಿಚ್ಚಿ ಕಿಸೆಗೆ ಹಾಕಿಕೊಂಡ. ಲಿಂಗ ಒಳಗಿಟ್ಟು ಕರಡಿಗೆ ಮುಚ್ಚಿದ. ಸ್ಕ್ಯಾನ್ ಮುಗಿಸಿ ಬಂದ ಮುದುಕನ ಕೊರಳಿಗೆ ತಾನೇ ಕಟ್ಟಿದ. ಅದೃಷ್ಟ ನೋಡಿ, ಮುದುಕ ಚೇತರಿಸಿಕೊಂಡು ಮನೆಗೂ ಹೋದ, ಚಳಿಗಾಲವೆಲ್ಲ ಚೆನ್ನಾಗಿದ್ದ. ಗುರುಶಾಂತಮ್ಮ ಇವನನ್ನು ಕಂಡಾಗಲೆಲ್ಲ ಎಡಕಿಸೆಯ ಕಡೆ ನೋಡಿ ಕಣ್ಣಲ್ಲೇ ನಮಸ್ಕಾರ ಮಾಡುತ್ತಿದ್ದಳು. ಬೇರೆ ಯಾರ ಕಿಸೆಗಾದರೂ ಅಂಥ ಮರ್ಯಾದೆ ಸಿಕ್ಕಿದ್ದನ್ನು ನಾವು ಕೇಳಿಲ್ಲ.

ಬೇಸಿಗೆ ಹತ್ತುವಾಗ ಶಂಭುಲಿಂಗಪ್ಪ ಲಿಂಗೈಕ್ಯನಾದ. ಪೂಜೆಗೆ ಕೂತವನು ಹಾಗೇ ಗೋಡೆಗೆ ಒರಗಿದ್ದನಂತೆ.

ಉದಯಕುಮಾರ ಗೂಗಲ್ ಮುಟ್ಟುವ ಹೊತ್ತಿಗೆ ಮುದುಕನನ್ನು ವಿಭೂತಿ ಹಚ್ಚಿ, ಹೂ ಹಾಕಿ, ಕಟ್ಟೆಯ ಮೇಲೆ ಕೂರಿಸಿದ್ದರು. ಭಜನೆಯ ತಾಳ ಬಡಿಯುತ್ತಿತ್ತು. ಕೊರಳಲ್ಲಿ ಕರಡಿಗೆ ಇತ್ತು. ಅದನ್ನು ಕಂಡೊಡನೆ ಅವನಿಗೆ ಅಳು ಬಂತು. ಆ ಅಳುವಿನ ಒಳಗೇ ಒಂದು ಮೂಲೆಯಲ್ಲಿ, ಇನ್ನು ಇದು ಏನಾಗುತ್ತದೆ ಎಂಬ ಪ್ರಶ್ನೆಯೂ ಎದ್ದು ಕೂತಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯವಾದರೂ ಪ್ರಶ್ನೆ ಎದ್ದು ಹೋಗಲಿಲ್ಲ.

ಹೊಲದ ಅಂಚಿನಲ್ಲಿ ಕುಣಿ ತೋಡಿ, ಅದರೊಳಗೆ ಒಂದು ಗೋಡೆಯಲ್ಲಿ ಮನುಷ್ಯ ಪದ್ಮಾಸನ ಹಾಕಿ ಕೂರುವಷ್ಟು ಗೂಡು ಕೊರೆದಿದ್ದರು. ಆ ಮನೆತನದವರನ್ನು ಉತ್ತರಕ್ಕೆ ಮುಖ ಮಾಡಿ ಕೂರಿಸುವುದು ಪದ್ಧತಿ. ಮುದುಕನನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ಇನ್ನು ಎಡ ಅಂಗೈಯಲ್ಲಿ ಲಿಂಗ ಇಡುವುದೊಂದೇ ಬಾಕಿ.

“ಯಾರು ಇಳೀತೀರಿ?” ಕೇಳಿದರು ಊರಿನ ಅಯ್ಯನವರು.

ತಮ್ಮನ ಹಿರಿಯ ಮಗ ಮುಂದೆ ಬಂದ. ಗುರುಶಾಂತಮ್ಮ ಕೈ ಅಡ್ಡ ಹಿಡಿದಳು. “ಬ್ಯಾಡಪಾ. ಅವರು ಹೇಳ್ಯಾರ. ನನ್ನ ಲಿಂಗ ನೋಡಿದವನು ಅವನೊಬ್ಬನ, ಅವನ ಕೈಲೇ ಇಡಸು ಅಂತ ಹೇಳ್ಯಾರ. ಉದಯಾ, ನೀ ಇಳಿ.”

ಜನ ದಾರಿ ಬಿಟ್ಟರು. ಉದಯಕುಮಾರ ಚಪ್ಪಲಿ ಬಿಟ್ಟು ಇಳಿದ. ಹಸಿ ಎರೆಮಣ್ಣಿನ ತಂಪು ಅವನ ಅಂಗಾಲಿಗೆ ತಾಗಿತು. ಕರಡಿಗೆ ಬಿಚ್ಚಿ, ಲಿಂಗ ತೆಗೆದು, ಮುದುಕನ ತಣ್ಣನೆಯ ಅಂಗೈಯ ಮೇಲೆ ಇಟ್ಟ. ಅಯ್ಯನವರು ಮೇಲಿನಿಂದ ಮಂತ್ರ ಹೇಳಿ ಬಿಲ್ವಪತ್ರೆ ಎಸೆದರು. ಖಾಲಿ ಕರಡಿಗೆ ಉದಯಕುಮಾರನ ಕೈಯಲ್ಲಿ ಉಳಿಯಿತು.

“ಕರಡಿಗಿ ಒಳಗ ಇಡೋ ಕಾರಣ ಇಲ್ಲ,” ಅಂದರು ಅಯ್ಯನವರು. “ಲಿಂಗ ಅಷ್ಟ ಸಾಕು. ಬೇಕಾದವರು ಮನ್ಯಾಗ ಇಟ್ಟುಕೋರಿ.”

ಉದಯಕುಮಾರ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ತಲೆ ಎತ್ತಿದ. ಕುಣಿಯ ಅಂಚಿನಲ್ಲಿ ಗುರುಶಾಂತಮ್ಮ ಬಗ್ಗಿ ಅವನನ್ನೇ ನೋಡುತ್ತಿದ್ದಳು. ಕೇಳಬೇಕಾಗಿಯೂ ಇಲ್ಲ, ಅವಳೇ ಕೊಡುತ್ತಾಳೆ ಎಂದು ಅವನಿಗೆ ಅನಿಸಿತು. ಈ ಮನೆಯಲ್ಲಿ ಅದು ಬೇಕಾದವರು ಇನ್ನಾರಿದ್ದಾರೆ?

“ಬ್ಯಾಡ್ರಿ ಅಯ್ಯನವರ,” ಅಂದಳು ಅವಳು. “ಅವರು ಅದನ್ನ ಲಿಂಗ ಸಮೇತ ಕೊಟ್ಟಿದ್ದು ಒಂದ ಸಲ, ದವಾಖಾನ್ಯಾಗ, ಈ ತಮ್ಮನ ಕೈಯಾಗ. ಆವತ್ತ ಇವ ಅದರಾಗ ಒಂದು ತಗಡು ಕೂಡಿಸಿ ಬೇಡಿಕೊಂಡ. ನಾ ಕಣ್ಣಾರೆ ಕಂಡೀನಿ. ಅದಕ್ಕ ಅವರು ಮತ್ತ ಎದ್ದು ಮನಿಗಿ ಬಂದ್ರು.” ಆಮೇಲೆ ದನಿ ತಗ್ಗಿಸಿ, ಕುಣಿಯೊಳಗಿದ್ದವನಿಗೆ ಮಾತ್ರ ಎನ್ನುವ ಹಾಗೆ, ಆದರೆ ಇಡೀ ಊರಿಗೆ ಕೇಳುವ ಹಾಗೆ ಹೇಳಿದಳು: “ಕರಡಿಗಿನೂ ಇಡು ತಮ್ಮಾ. ಆ ತಗಡೂ ಇಡು. ಇದ್ದಾಗ ಬೈತಿದ್ರು. ಈಗ ಬೈಯಾಕ ಬಾಯಿ ಇಲ್ಲ. ಒಬ್ಬರ ಹೊಂಟಾರ, ಜೋಡಿ ಏನರ ಇರಲಿ.”

“ಯವ್ವಾ, ಅದು… ಅದು ಮಾನ್ವ್ಯಾಗ ಉಳೀತು,” ಅಂದ ಉದಯಕುಮಾರ.

“ಕಿಸೆದಾಗ ಅದ ನೋಡು,” ಅಂದಳು ಗುರುಶಾಂತಮ್ಮ ಪ್ರೀತಿಯಿಂದ. “ಬೆವರಿಗಿ ಅಂಗಿ ಹಸಿ ಆಗ್ಯಾದ, ದುಂಡಗ ಕಾಣಾಕತ್ತದ.”

ಊರೇ ಕುಣಿಯ ಸುತ್ತ ನಿಂತು ಅವನ ಎಡಕಿಸೆ ನೋಡಿತು. ತಾಳ ನಿಂತಿತ್ತು. ಇದು ತಗಡಲ್ಲ, ಇದು ನನ್ನದು, ಇವೆರಡೂ ಒಂದೇ ಸಾಮಾನು, ಇದನ್ನು ಮಣ್ಣಿಗೆ ಹಾಕಬೇಡಿ ಅಂತ ಕೂಗಿ ಹೇಳಬೇಕು ಅನ್ನಿಸಿತು. ಹೇಳಲು ಎದುರಿಗೆ ನೋಡಿದರೆ, ಅಂಗೈಯಲ್ಲಿ ಲಿಂಗ ಹಿಡಿದು ಕೂತ ಮುದುಕ ಅರೆಗಣ್ಣಿನಲ್ಲಿ ಇವನನ್ನೇ ನೋಡುತ್ತಿದ್ದ. ನಿಜ ಹೇಳಿದರೂ ಈ ಮುದುಕ ನಂಬಲಿಲ್ಲವಲ್ಲ. ಇನ್ನು ಈ ಮುದುಕಿ ನಂಬುತ್ತಾಳೆಯೆ? ನಂಬಿದರೆ ಅವಳಿಗೆ ಉಳಿಯುವುದಾದರೂ ಏನು? ಉದಯಕುಮಾರ ಕಿಸೆಗೆ ಕೈ ಹಾಕಿದ.

ಬಿಲ್ಲೆಯನ್ನು ಅರೆಯ ಬಾಯಿಗಿಟ್ಟು ತಿರುವಿದ. ಹಲ್ಲಿಗೆ ಹಲ್ಲು ಕೂಡಿತು, ನಕ್ಷತ್ರದ ಎದುರು ನಕ್ಷತ್ರ ಬಂತು. ಮುಳ್ಳು ನಡುಗಿ ನಿಂತಿತು. ಆ ಸ್ಥಿತಿಯಲ್ಲೂ ಅವನ ಕಣ್ಣು ಸುಮ್ಮನಿರಲಿಲ್ಲ: ಗೂಡು ಕೊರೆದವರು ಸ್ವಲ್ಪ ಓರೆ ಹಿಡಿದಿದ್ದರು, ಮುದುಕ ಕೂತದ್ದು ಸರಿಯಾದ ಉತ್ತರಕ್ಕಲ್ಲ. ಯಾರಿಗೂ ಹೇಳುವಂತಿರಲಿಲ್ಲ. ಇನ್ನೊಂದು ಅರೆ ಮುಚ್ಚಿದ. ಎರಡು ಕೈಯಿಂದ ಹಿಡಿದು ಮುದುಕನ ಮಡಿಲಲ್ಲಿ ಇಟ್ಟ. ಬಿಡಲು ಬೆರಳು ಒಪ್ಪಲಿಲ್ಲ. ಒಂದೊಂದೇ ಬೆರಳನ್ನು ತಾನೇ ಕಿತ್ತುಕೊಂಡ.

ಮೇಲೆ ಹತ್ತಲು ಯಾರೋ ಕೈ ಕೊಟ್ಟರು. ಉಪ್ಪು, ವಿಭೂತಿಯ ಚೀಲಗಳನ್ನು ಸುರಿದರು, ಮಣ್ಣು ಎಳೆದರು. ಉದಯಕುಮಾರನೂ ಎಲ್ಲರ ಹಾಗೆ ಹಿಡಿಮಣ್ಣು ಹಾಕಿದ. ಹಾಕಿದವನೇ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ. “ಹೆತ್ತ ಮಗ ಹಿಂಗ ಅಳಂಗಿಲ್ಲ,” ಅಂತ ಜನ ಮಾತಾಡಿಕೊಂಡರು. ಮುದುಕನಿಗಾಗಿ ಅತ್ತನೋ ಗೋಳಕ್ಕಾಗಿ ಅತ್ತನೋ ಅಂತ ಯಾರಾದರೂ ಕೇಳಿದ್ದರೆ ಅವನಿಗೆ ಉತ್ತರ ಗೊತ್ತಿರಲಿಲ್ಲ. ಅದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಗುರುಶಾಂತಮ್ಮ ಅವನ ತಲೆ ಸವರಿ, ಸೆರಗಿನಿಂದ ಮುಖ ಒರೆಸಿದಳು.

ಸಿರವಾರದ ಹತ್ತಿರ ಬರುವಾಗ ದಸ್ತಗೀರ್‌ನ ಫೋನು ಎರಡು ಸಲ ಬಂತು. ಎತ್ತಲಿಲ್ಲ. ಕಾಲುವೆಯ ಗುಂಟ ಭತ್ತದ ಲಾರಿಗಳು ನಿಂತಿದ್ದವು. ಎಡಗೈ ಪದೇ ಪದೇ ಕಿಸೆಗೆ ಹೋಗುತ್ತಿತ್ತು, ಬರಿದಾಗಿ ತಿರುಗಿ ಬರುತ್ತಿತ್ತು. ಕಿಸೆಯ ಪಕ್ಕದಲ್ಲಿ ತಾನೇ ಮಾಡಿಸಿದ ಬೆಳ್ಳಿಯ ಕರಡಿಗೆ ಎದೆಗೆ ಬಡಿಯುತ್ತಿತ್ತು.

ಮನೆ ಮುಟ್ಟಿದ ಮೇಲೆ ಸ್ನಾನ ಮಾಡಿ ನೇರವಾಗಿ ಮೇಲಿನ ಕೋಣೆಗೆ ಹೋಗಿ ಕೂತ. ಗಿರಣಿ ನಡೆಯುತ್ತಿತ್ತು. ತಕ್ಕಡಿಯ ಮುಳ್ಳು ನಡುಗುತ್ತಿತ್ತು, ಗೋಡೆಯ ಮಾಪಕ ಒಳ್ಳೆಯ ಹವೆ ಅನ್ನುತ್ತಿತ್ತು. ಶಿವಗಂಗಾ ಚಹಾ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಅವನ ಮುಖ ನೋಡಿ ಚೇಷ್ಟೆ ಮಾಡುವ ಮನಸ್ಸು ಅವಳಿಗೆ ಬರಲಿಲ್ಲ. ಆದರೂ ಬೇರೆ ಏನು ಕೇಳಬೇಕೆಂದು ತೋಚದೆ, ಎಷ್ಟೋ ವರ್ಷದ ರೂಢಿಯ ಮಾತನ್ನೇ ಮೆಲ್ಲಗೆ ಕೇಳಿದಳು.

“ಒಂದರ ಪೂರ್ತಿ ಆತೇನ್ರಿ?”

“ಆತು,” ಅಂದ ಉದಯಕುಮಾರ. “ಒಂದು ಪೂರ್ತಿ ಆತು.”

ಅವಳು ಕೋಣೆಯ ಸುತ್ತ ಕಣ್ಣಾಡಿಸಿದಳು. “ಎಲ್ಲದ?”

ಅವನು ಚಹಾದ ಲೋಟ ತೆಗೆದುಕೊಂಡ. ಗಿರಣಿಯ ನಡುಕಕ್ಕೆ ಅದರಲ್ಲಿನ ಚಹಾ ಸಣ್ಣಗೆ ಅಲುಗುತ್ತಿತ್ತು.

“ಅಲ್ಲೇ ಅದ,” ಅಂದ. “ನಾನ ಇಟ್ಟು ಬಂದೆ.”